ದೂರು ವಿಭಾಗದ ನಂಬರ್ ಒನ್ ಹಾಡು

ಸುಳ್ಳು ಹೇಳಿ ಸಿಕ್ಕಿಬೀಳುವವರು ಲೋಕದ ತುಂಬ ಇದ್ದಾರೆ. ನಿಜ ಹೇಳಿ ಸಿಕ್ಕಿಬಿದ್ದು, ಆ ನಿಜವನ್ನು ಸಾಬೀತು ಮಾಡುವುದಕ್ಕೆ ಬೆವರು ಸುರಿಸಿದವರು ನನಗೆ ಗೊತ್ತಿರುವ ಹಾಗೆ ಒಬ್ಬರೇ. ಅವರು ನಮ್ಮ ನೀರು ಸರಬರಾಜು ಕಚೇರಿಯ ದೂರು ವಿಭಾಗದ ಹಲೋರಾಯರು.

ಹೆತ್ತವರು ಇಟ್ಟ ಹೆಸರು ಬೇರೆ. ಆದರೆ ದಿನವಿಡೀ ಫೋನ್ ಎತ್ತಿ ‘ಹಲೋ, ನೀರಿನ ದೂರು ವಿಭಾಗ’ ಅನ್ನುತ್ತ ಅನ್ನುತ್ತ ಆ ಹೆಸರು ಅವರಿಗೇ ಮರೆತುಹೋಗಿತ್ತು. ಬೆಳಿಗ್ಗೆ ಹೆಂಡತಿ ಭುಜ ಅಲ್ಲಾಡಿಸಿ ಎಬ್ಬಿಸಿದರೆ ಕಣ್ಣು ಬಿಡುವ ಮೊದಲೇ ‘ಹಲೋ, ಯಾವ ಬಡಾವಣೆ?’ ಎಂದು ಕೇಳುತ್ತಿದ್ದರಂತೆ.

ಅವರು ಕೂರುತ್ತಿದ್ದದ್ದು ಒಂದು ಮರದ ಗೂಡಿನಲ್ಲಿ. ಜನರ ಬೈಗುಳ ಉಳಿದ ನೌಕರರ ಕಿವಿಗೆ ಬೀಳಬಾರದು ಎಂದು ಹಿಂದಿನ ಅಧಿಕಾರಿಯೊಬ್ಬರು ಕಟ್ಟಿಸಿದ ಗೂಡು ಅದು. ಒಳಗೆ ಒಂದು ಮೇಜು, ಮೇಜಿನ ಮೇಲೆ ಎರಡು ಫೋನು. ಕರೀದು ಸಾರ್ವಜನಿಕರಿಗೆ, ಕೆಂಪಿನದು ಪಂಪ್‌ಹೌಸಿಗೆ. ಗೂಡಿಗೆ ಒಂದೇ ಕಡೆ ಗಾಜು. ಆ ಗಾಜಿನ ಎದುರಿಗೇ ಕೊಳವೆ ವಿಭಾಗದ ನನ್ನ ಕುರ್ಚಿ. ಹಾಗಾಗಿ ಈ ಕಥೆಯಲ್ಲಿ ನಾನು ಕಣ್ಣಾರೆ ಕಂಡದ್ದೇ ಹೆಚ್ಚು. ಉಳಿದದ್ದು ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡಿ.

ಹೊಸ ಮೇಡಂ ನಮ್ಮ ಕಚೇರಿಗೆ ಮುಖ್ಯಸ್ಥರಾಗಿ ಬಂದ ವಾರವೇ ಎಲ್ಲ ಶುರುವಾಯಿತು. ಮೇಡಂ ಖಡಕ್ ಮನುಷ್ಯೆ. ನಕ್ಕರೂ ಅದಕ್ಕೆ ಮೇಲಧಿಕಾರಿಯ ಅನುಮತಿ ಪಡೆದುಕೊಂಡಿದ್ದಾರೇನೋ ಅನ್ನಿಸಬೇಕು, ಹಾಗೆ. ಅಂಥವರು ಒಂದು ಮಧ್ಯಾಹ್ನ ಚಹಾ ಕೋಣೆಗೆ ಬಂದಾಗ ಅಲ್ಲಿನ ರೇಡಿಯೋದಲ್ಲಿ ಎಂಬತ್ತರ ದಶಕದ ಯಾವುದೋ ಇಂಗ್ಲಿಷ್ ಹಾಡು ಬರುತ್ತಿತ್ತು. ಮೇಡಂ ಕಾಲ ತುದಿ ಸಣ್ಣಗೆ ಕುಣಿಯಿತು. ನಾವೆಲ್ಲ ನೋಡಿದೆವು, ನೋಡದ ಹಾಗೆ ಚಹಾ ಕುಡಿದೆವು.

“ಆಗಿನ ಕಾಲದ ಹಾಡುಗಳ ಗಮ್ಮತ್ತೇ ಬೇರೆ. ವಾರ ವಾರ ಯಾವುದು ನಂಬರ್ ಒನ್ ಆಗುತ್ತೆ ಅಂತ ನಾವು ಊಟ ಬಿಟ್ಟು ಕಾಯ್ತಿದ್ವಿ. ಈಗ ಯಾರ ಹತ್ರ ಇವೆ ಆ ಹಾಡುಗಳು?” ಎಂದು ಮೇಡಂ ನಿಟ್ಟುಸಿರು ಬಿಟ್ಟರು.

ಹಲೋರಾಯರು ಲೋಟ ಕೆಳಗಿಟ್ಟರು. ಮೀಸೆ ಒರೆಸಿಕೊಂಡರು. “ನನ್ನ ಹತ್ರ ಇವೆ ಮೇಡಂ.”

“ಎಷ್ಟಿವೆ?”

“ಅಷ್ಟೂ ಇವೆ. ಎಂಬತ್ತರಿಂದ ಎಂಬತ್ತೊಂಬತ್ತರವರೆಗೆ ನಂಬರ್ ಒನ್ ಆದದ್ದು ಒಂದೂ ಬಿಟ್ಟುಹೋಗಿಲ್ಲ. ಜೋಪಾನವಾಗಿ ಇಟ್ಕೊಂಡಿದೀನಿ.”

“ಭೇಷ್!” ಎಂದರು ಮೇಡಂ.

ರಾಯರು ಇಟ್ಟುಕೊಂಡದ್ದು ತಲೆಯೊಳಗೆ. ಮೇಡಂ ಅಂದುಕೊಂಡದ್ದು ಕಪಾಟಿನೊಳಗೆ. ಇಷ್ಟೇ ವ್ಯತ್ಯಾಸ. ದೊಡ್ಡ ದೊಡ್ಡ ಯುದ್ಧಗಳು ಇದಕ್ಕಿಂತ ಸಣ್ಣ ವ್ಯತ್ಯಾಸಕ್ಕೆ ನಡೆದಿವೆ.

ಇಲ್ಲಿ ರಾಯರ ಸಂಗೀತ ವಿದ್ಯಾಭ್ಯಾಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಾಲೇಜಿನಲ್ಲಿ ಓದುವಾಗ ಅವರ ಹಾಸ್ಟೆಲಿನಲ್ಲಿ ಒಂದು ಮುದಿ ರೇಡಿಯೋ ಇತ್ತು. ಪ್ರತಿ ಭಾನುವಾರ ಯಾವುದೋ ದೂರದೇಶದ ಸ್ಟೇಷನ್ನಿನಿಂದ ಆ ವಾರದ ಮೊದಲ ಹತ್ತು ಹಾಡು ಬರುತ್ತಿದ್ದವು. ಬರುತ್ತಿದ್ದವು ಅಂದರೆ, ಅರ್ಧ ಬರುತ್ತಿದ್ದವು. ಉಳಿದರ್ಧ ಖರ್ರ್, ಖುರ್ರ್, ಟುಂಯ್ಯ್. ರಾಯರು ಶ್ರದ್ಧೆಯುಳ್ಳ ಹುಡುಗ. ಕೇಳಿದ್ದನ್ನು ಕೇಳಿದ ಹಾಗೇ ಕಲಿತರು. ಮಾತು ಸ್ಪಷ್ಟವಾಗದ ಕಡೆ ಕಿವಿಗೆ ಏನು ಬಿತ್ತೋ ಅದು, ಸ್ಟೇಷನ್ ಜಾರಿದ ಕಡೆ ಜಾರಿದ ಸದ್ದು. ಅವರ ಮೆಚ್ಚಿನ ಹಾಡು ಹೀಗಿತ್ತು:

“ಯುವರ್ ಹಾರ್ಟ್ ಈಸ್ ಎ ಲಾರಿ, ಓ ಓ ಲಾರಿ, ಡೋಂಟ್ ರಿವರ್ಸ್ ಆನ್ ಮೀ… ಖರ್ರ್ರ್… ಟುಂಯ್ಯ್…”

ಹಾಡಿದ ಮಹಾನುಭಾವ ಹೃದಯವನ್ನು ಲಾರಿಗೆ ಹೋಲಿಸಿರಲಾರ ಎಂದು ನನಗೂ ಅನುಮಾನವಿತ್ತು. ಆದರೆ ರಾಯರು ಕಣ್ಣು ಮುಚ್ಚಿ ಹಾಡುತ್ತಿದ್ದಾಗ ಆ ಲಾರಿ ಎದೆಯ ಮೇಲೇ ಹಾದುಹೋದಂತೆ ಆಗುತ್ತಿದ್ದದ್ದು ಸುಳ್ಳಲ್ಲ. ಧ್ವನಿ ಮಾತ್ರ ದೇವರು ಕೈಬಿಚ್ಚಿ ಕೊಟ್ಟಿದ್ದ.

ಚಹಾ ಕೋಣೆಯ ಮಾತು ಮುಗಿದು ಹತ್ತು ದಿನವೂ ಆಗಿರಲಿಲ್ಲ, ನಮ್ಮ ಹೋಲ್ಡ್ ಯಂತ್ರ ಸುಟ್ಟುಹೋಯಿತು. ಫೋನ್ ಮಾಡಿದವರು ಕಾಯುವಾಗ ಕೇಳಲಿ ಎಂದು ಪೀಂಪೀಂ ಸದ್ದು ಮಾಡುತ್ತಿದ್ದ ಒಂದು ಡಬ್ಬಿ ಅದು. ಡಬ್ಬಿ ಸತ್ತಮೇಲೆ ಕಾಯುವವರಿಗೆ ಬರೀ ಮೌನ. ನೀರಿಲ್ಲದ ಮನುಷ್ಯನನ್ನು ಮೌನದಲ್ಲಿ ಕೂರಿಸಿದರೆ ಅವನು ಯೋಚನೆ ಮಾಡಲು ಶುರುಮಾಡುತ್ತಾನೆ. ಯೋಚನೆ ಮಾಡಿದವನು ನೇರ ಮೇಡಂಗೇ ಫೋನ್ ಮಾಡುತ್ತಾನೆ.

ಮೇಡಂ ರಾಯರನ್ನು ಕರೆಸಿದರು. “ಹೊಸ ಯಂತ್ರದ ಫೈಲು ಹೋಗಿದೆ, ಬರೋದು ಯಾವ ಕಾಲಕ್ಕೋ. ಅಲ್ಲೀವರೆಗೆ ನಿಮ್ಮ ಹತ್ರ ಇದೆ ಅಂದ್ರಲ್ಲ, ಅದನ್ನೇ ಹಾಕಿ.”

“ನಾನಾ ಮೇಡಂ? ಫೋನಲ್ಲಾ?” ಎಂದರು ರಾಯರು.

“ಮತ್ತೆ ಯಾರು? ಸಂಕೋಚ ಯಾಕೆ? ಜನಕ್ಕೆ ಸಂತೋಷ ಆಗ್ಲಿ.”

ಹೊರಬಂದ ರಾಯರು ನನ್ನ ಮೇಜಿಗೆ ಒರಗಿ ನಿಂತರು. “ಹಾಕಿ ಅಂದ್ರು ಕಣಯ್ಯಾ. ಹಾಡಿ ಅಂತ ನೇರವಾಗಿ ಹೇಳೋಕೆ ದೊಡ್ಡವರಿಗೆ ಆಗಲ್ಲ. ಆದೇಶ ಆದೇಶವೇ. ಹಾಕ್ತೀನಿ.”

ಮೊದಲ ಗಿರಾಕಿ ಗಡಿಯಾರ ರಿಪೇರಿಯವರು. ಅವರ ಕೂಗು ಗಾಜು ದಾಟಿ ನನಗೂ ಕೇಳುತ್ತಿತ್ತು. ರಾಯರು “ಒಂದ್ನಿಮಿಷ ಹೋಲ್ಡ್ ಮಾಡಿ ಸಾರ್” ಎಂದರು, ಕರೀ ಫೋನನ್ನು ಎಡಗೆನ್ನೆಗೆ, ಕೆಂಪು ಫೋನನ್ನು ಬಲಗೆನ್ನೆಗೆ ಒತ್ತಿಕೊಂಡರು, ಕಣ್ಣು ಮುಚ್ಚಿದರು, ಹಾಡಿದರು. ಒಂದೊಂದು ಸಾಲು ಮುಗಿದಾಗಲೂ ಕರೀ ಫೋನಿನ ಬಾಯಿಗೆ ಅಂಗೈ ಮುಚ್ಚಿ ಕೆಂಪು ಫೋನಿನಲ್ಲಿ ಪಂಪ್‌ಹೌಸಿನವನಿಗೆ ಗದರುವುದು, ಮತ್ತೆ ಕೆಂಪಿನದಕ್ಕೆ ಅಂಗೈ ಮುಚ್ಚಿ ಈ ಕಡೆಗೆ ತಾಳ ತಪ್ಪದೆ ಹಿಂತಿರುಗುವುದು. ನೋಡಲು ಎರಡು ಕಣ್ಣು ಸಾಲದು. ಮೊದಲ ದಿನವಾದ್ದರಿಂದ ಒಮ್ಮೆ ಅಂಗೈ ತಪ್ಪಿ, ‘ಡೋಂಟ್ ರಿವರ್ಸ್ ಆನ್ ಮೀ’ ಕೆಂಪು ಫೋನಿಗೆ ಹೋಯಿತು. ಪಂಪ್‌ಹೌಸಿನವನಿಗೆ ‘ರಿವರ್ಸ್’ ಅನ್ನುವುದು ಮಾತ್ರ ತಿಳಿಯಿತು. ಅವನು ವಾಲ್ವನ್ನು ಉಲ್ಟಾ ತಿರುಗಿಸಿ, ಯಾರೂ ದೂರು ಕೊಡದ ಬಡಾವಣೆಗೆ ನೀರು ಬಿಟ್ಟ.

ಆದರೆ ಗಡಿಯಾರದವರು ತಣ್ಣಗಾಗಿದ್ದರು. “ನೀರು ನಿಧಾನಕ್ಕೆ ಬಿಡಿ ಸಾರ್. ಆ ಹಾಡು ಇನ್ನೂ ಇದ್ಯಾ?” ಎಂದು ಕೇಳಿದರಂತೆ.

ಬೆಂಕಿ ಹತ್ತಿದ ಹಾಗೆ ಸುದ್ದಿ ಹಬ್ಬಿತು. ದೂರಿನ ಕರೆಗಳು ಎರಡು ಪಟ್ಟಾದವು, ದೂರುಗಳು ಮಾತ್ರ ಕಡಿಮೆಯಾದವು. “ನಮ್ಮನೆ ನಲ್ಲಿ ಚೆನ್ನಾಗೇ ಬರ್ತಿದೆ, ಸುಮ್ನೆ ಸ್ವಲ್ಪ ಹೋಲ್ಡ್ ಮಾಡಿ” ಎನ್ನುವವರು ಹುಟ್ಟಿಕೊಂಡರು. ಕ್ಷೌರಿಕನೊಬ್ಬ ಫೋನನ್ನು ಸ್ಪೀಕರಿಗೆ ಹಾಕಿ ಗಿರಾಕಿಗಳನ್ನು ಕೂರಿಸಿಕೊಂಡ. ದರ್ಜಿ ಒಬ್ಬರು, “ಆ ಲಾರಿ ಹಾಡೇ ಹಾಕಿ, ಕಾಜಾ ಹೊಲಿಯೋಕೆ ತಾಳ ಸರಿಯಾಗಿ ಕೂರುತ್ತೆ” ಎಂದು ಬೇಡಿಕೆ ಇಟ್ಟರು. ಮೇಡಂ ಅಂಕಿಅಂಶ ನೋಡಿ ಮತ್ತೊಮ್ಮೆ ಭೇಷ್ ಎಂದರು. ರಾಯರು ಕಷಾಯ ಕುಡಿಯಲು ಶುರುಮಾಡಿದರು.

ಇಲ್ಲಿಗೇ ನಿಂತಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು. ಆದರೆ ಒಂದು ದಿನ ತಟ್ಟೆ ತಜ್ಞರ ಮನೆಯಲ್ಲಿ ನೀರು ನಿಂತಿತು.

ತಟ್ಟೆ ತಜ್ಞರು ಅಂದರೆ ಹಳೆಯ ಗ್ರಾಮೋಫೋನ್ ತಟ್ಟೆ, ಕ್ಯಾಸೆಟ್‌ಗಳನ್ನು ಗುಡ್ಡೆ ಹಾಕಿಕೊಂಡಿದ್ದ ಒಬ್ಬರು ದಪ್ಪ ಕನ್ನಡಕದ ಮಹಾಶಯರು. ಶನಿವಾರ ಶನಿವಾರ ಸ್ಥಳೀಯ ರೇಡಿಯೋದಲ್ಲಿ ಹಳೆ ಪಾಪ್ ಸಂಗೀತದ ಬಗ್ಗೆ ಒಂದು ಗಂಟೆ ಮಾತಾಡುತ್ತಿದ್ದರು. ಅದರಲ್ಲಿ ಹಾಡು ಹತ್ತು ನಿಮಿಷ. ಅವರು ನೀರಿಗೆಂದು ಫೋನ್ ಮಾಡಿದರು, ಹೋಲ್ಡಿಗೆ ಹೋದರು, ‘ಖರ್ರ್, ಟುಂಯ್ಯ್’ ಕೇಳಿದರು. ಕೈಯಲ್ಲಿದ್ದ ಚೊಂಬು ಬಿತ್ತಂತೆ.

ಮುಂದಿನ ಶನಿವಾರ ರೇಡಿಯೋದಲ್ಲಿ ಅವರ ಗದ್ಗದ ಕಂಠ ಮೊಳಗಿತು.

“ಶ್ರೋತೃಗಳೇ, ನಾನು ಈ ವಾರ ಹೊಸ ಖಂಡ ಕಂಡುಹಿಡಿದಿದ್ದೇನೆ. ನಮ್ಮ ನೀರಿನ ಕಚೇರಿಯಲ್ಲಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ಟೇಪ್ ಇದೆ! ನಂಬರ್ ಒನ್ ಆದ ಆ ಹಾಡಿನಲ್ಲಿ ‘ಯುವರ್ ಹಾರ್ಟ್ ಈಸ್ ಸಾರಿ’, ಅಂದರೆ ‘ನಿನ್ನ ಹೃದಯಕ್ಕೆ ವಿಷಾದವಿದೆ’ ಎಂಬ ಸಾಲಿದೆ. ಈ ಟೇಪಿನಲ್ಲಿ ‘ನಿನ್ನ ಹೃದಯ ಒಂದು ಲಾರಿ’ ಎಂದಿದೆ. ಇದು ಕವಿಯ ಮೊದಲ ಕರಡು! ಕಂಪನಿಯವರು ಹೆದರಿ ಬದಲಾಯಿಸಿದ್ದಾರೆ. ಲಾರಿ ಎಂದರೇನು? ಆಧುನಿಕ ಮಾನವ ಹೊತ್ತ ಭಾರ! ಮತ್ತೆ ಆ ಖರ್ರ್ ಇದೆಯಲ್ಲ, ಅದು ಎಂಬತ್ತಾರನೇ ಇಸವಿಯ ಖರ್ರ್. ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಈಗಿನ ಖರ್ರ್ ಹೀಗಿರುವುದಿಲ್ಲ.”

ಸೋಮವಾರ ಕಚೇರಿಯ ಮುಂದೆ ಜಾತ್ರೆ. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡವರು, ಜಡೆ ಬಿಟ್ಟ ಗಂಡಸರು, ಸುಮ್ಮನೆ ಬಂದವರು. ಮಂಗಳವಾರ ಮುಖ್ಯ ಕಚೇರಿಯಿಂದ ತನಿಖಾಧಿಕಾರಿಯೇ ಇಳಿದರು. ಬಡಕಲು ದೇಹ, ದಪ್ಪ ಚೀಲ. ಮೇಡಂ ಕೋಣೆಯಲ್ಲಿ ರಾಯರನ್ನು ನಿಲ್ಲಿಸಿಕೊಂಡರು. ಒಂದು ಪೈಪಿನ ನಕ್ಷೆ ಕೊಡುವ ನೆಪದಲ್ಲಿ ನಾನೂ ಒಳಗೆ ಹೋಗಿ ಅಲ್ಲೇ ನಿಂತೆ.

“ಇಂಥ ಅಪರೂಪದ ಟೇಪು ಕಚೇರೀಲಿದೆ ಅಂತ ನಮಗೆ ಯಾಕೆ ತಿಳಿಸ್ಲಿಲ್ಲ?” ತನಿಖಾಧಿಕಾರಿ ಕೇಳಿದರು.

“ಟೇಪಿಲ್ಲ ಸಾರ್. ನಾನು.”

“ನೀವು ಗೊತ್ತು. ಟೇಪೆಲ್ಲಿ?”

“ನಾನೇ ಸಾರ್ ಟೇಪು.”

ತನಿಖಾಧಿಕಾರಿ ಮೇಡಂ ಮುಖ ನೋಡಿದರು. ಮೇಡಂ ಎದ್ದು ನಿಂತರು. “ಏನ್ರೀ ತಮಾಷೆ ಮಾಡ್ತೀರಾ? ಅಷ್ಟೂ ಹಾಡು ನನ್ನ ಹತ್ರ ಇವೆ, ಜೋಪಾನವಾಗಿ ಇಟ್ಕೊಂಡಿದೀನಿ ಅಂತ ನೀವೇ ನನ್ನೆದುರಿಗೆ ಹೇಳಿದ್ರಿ. ಹೌದೋ ಅಲ್ವೋ?”

“ಹೌದು ಮೇಡಂ, ಆದ್ರೆ ತಲೇಲಿ…”

“ಮೇಡಂ,” ನಾನು ಗಂಟಲು ಸರಿಮಾಡಿಕೊಂಡೆ, “ಅವರು ಹಾಡೋದನ್ನ ಗಾಜಿನಿಂದ ನಾನೇ ದಿನಾ ನೋಡ್ತೀನಿ.”

“ನೀವು ಆಫೀಸ್ ಟೈಮಲ್ಲಿ ಗಾಜಲ್ಲಿ ಯಾಕೆ ನೋಡ್ತೀರಿ?” ಎಂದರು ಮೇಡಂ. ನನ್ನ ಸಾಕ್ಷ್ಯ ಅಲ್ಲಿಗೆ ಮುಗಿಯಿತು.

ರಾಯರ ಕೈಗೆ ನೋಟಿಸ್ ಬಂತು. ಶುಕ್ರವಾರದೊಳಗೆ ಟೇಪನ್ನು ಹಾಜರುಪಡಿಸಬೇಕು. ಇಲ್ಲವಾದರೆ ಅದನ್ನು ಬಚ್ಚಿಟ್ಟ ಆರೋಪದ ಮೇಲೆ ಗುಡ್ಡದ ಮೇಲಿನ ಹಳೇ ಟ್ಯಾಂಕಿಗೆ ವರ್ಗ. ಆ ಟ್ಯಾಂಕಿನ ಹತ್ತಿರ ಫೋನಿಲ್ಲ, ಮನುಷ್ಯರಿಲ್ಲ. ಕಪ್ಪೆಗಳಿವೆ, ಅವುಗಳಿಗೆ ನೀರಿನ ವಿಷಯದಲ್ಲಿ ಯಾವ ದೂರೂ ಇಲ್ಲ. ಮಾತಾಡದೆ ಬದುಕಲಾರದ ರಾಯರಿಗೆ ಅದು ಗಲ್ಲಿಗಿಂತ ಒಂದೇ ಮೆಟ್ಟಿಲು ಕೆಳಗಿನ ಶಿಕ್ಷೆ.

“ಟೇಪು ಕೊಡೋಕಾಗಲ್ಲ. ಆದ್ರೆ ಟೇಪು ನಾನೇ ಅಂತ ಇವರ ಬಾಯಲ್ಲೇ ಹೇಳಿಸದೆ ಬಿಡಲ್ಲ,” ಎಂದು ರಾಯರು ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಸಂಜೆ ಧೈರ್ಯ ಹೇಳಲು ಅವರ ಜೊತೆ ಮನೆಗೆ ಹೋದೆ. ಹೋಗುವಷ್ಟರಲ್ಲಿ ರೇಡಿಯೋ ತನ್ನ ಕೆಲಸ ಮಾಡಿತ್ತು. ಮನೆಯ ಕಪಾಟುಗಳೆಲ್ಲ ಬಾಯಿ ತೆರೆದಿದ್ದವು. ಹಾಸಿಗೆ ಮಗುಚಿತ್ತು. ರಾಯರ ಶ್ರೀಮತಿ ಏಣಿ ಹತ್ತಿ ಅಟ್ಟದಲ್ಲಿ ಅರ್ಧ ಮಾಯವಾಗಿದ್ದರು. ಕೆಳಗೆ ಏಣಿ ಹಿಡಿದು ನಿಂತಿದ್ದವರು ಆಕೆಯ ಅಣ್ಣ. ವಕೀಲರೊಬ್ಬರ ಗುಮಾಸ್ತರಾಗಿದ್ದ ಅವರು ವಕೀಲರಿಗಿಂತ ಹೆಚ್ಚು ಕಾನೂನು ಮಾತಾಡುತ್ತಿದ್ದರು.

“ಎಲ್ಲಿಟ್ಟಿದ್ದೀರಿ ಅಂತ ಹೇಳಿಬಿಡಿ,” ಅಟ್ಟದೊಳಗಿಂದ ಧ್ವನಿ ಬಂತು. “ನನ್ನ ಹತ್ರವೂ ಗುಟ್ಟಾ?”

“ಲೇ, ಇಳಿಯೇ ಕೆಳಗೆ. ಅದು ನಾನು ಹಾಡಿದ್ದು.”

ಏಣಿ ಅಲುಗಾಡಿತು. ಜೇಡರಬಲೆ ಹೊತ್ತ ತಲೆಯೊಂದು ಹೊರಬಂತು. “ನೀವು? ಹಾಡಿದ್ದು? ಮದುವೆಯಾದಾಗಿಂದ ಈ ಮನೇಲಿ ನಿಮ್ಮ ಬಾಯಿಂದ ಒಂದು ಗುನುಗು ಕೇಳಿದೋಳಲ್ಲ ನಾನು. ಹಾಡೋರಾಗಿದ್ರೆ ಮನೇಲಿ ಯಾಕೆ ಹಾಡ್ಲಿಲ್ಲ?”

“ಮನೇಲಿ ಹೇಗೆ ಹಾಡ್ಲಿ? ಯಾರಾದ್ರೂ ಹೋಲ್ಡ್‌ನಲ್ಲಿದ್ರೆ ಹಾಡ್ತೀನಿ. ಮನೇಲಿ ನಾನೇ ಹೋಲ್ಡ್‌ನಲ್ಲಿರ್ತೀನಲ್ಲ!”

ಆಕೆ ಮತ್ತೆ ಅಟ್ಟದೊಳಗೆ ಹೋದರು. ಹೋದ ರಭಸಕ್ಕೆ ಒಂದು ಹಳೆಯ ಪಾತ್ರೆ ಕೆಳಗೆ ಬಿತ್ತು.

“ಭಾವ, ಕೋಪ ಬಿಡಿ,” ಗುಮಾಸ್ತರು ಸಮಾಧಾನದ ದನಿ ತೆಗೆದರು. “ಕಾನೂನಿನಲ್ಲಿ ದಾರಿ ಇದೆ. ಟೇಪಿತ್ತು, ಇಲಿ ತಿಂದುಬಿಡ್ತು ಅಂತ ಬರೆದುಕೊಟ್ಟುಬಿಡಿ. ಇಲಿ ಮೇಲೆ ಯಾರೂ ಕೇಸು ಹಾಕಲ್ಲ. ನಮ್ಮ ಸಾಹೇಬರು ಎಷ್ಟೋ ದಾಖಲೆಗಳನ್ನ ಇಲಿಗೆ ತಿನ್ನಿಸಿದ್ದಾರೆ.”

“ನನ್ನ ಧ್ವನೀನ ಇಲಿ ತಿಂತು ಅಂತ ನಾನು ಬರೆದುಕೊಡಲಾ?”

“ಜಿರಳೆ ಅಂತ ಬೇಕಾದ್ರೆ…”

“ಭಾವ!” ರಾಯರು ಬಾಗಿಲಿನ ಕಡೆ ಕೈತೋರಿಸಿದರು. ಅವರು ಭಾವನಿಗೆ ಬಾಗಿಲು ತೋರಿಸಿದ್ದನ್ನು ಆ ಮನೆಯ ಗೋಡೆಗಳೂ ಮೊದಲ ಸಲ ನೋಡಿದವು.

ಶುಕ್ರವಾರ ಬಂತು. ಸಭಾಕೋಣೆಯಲ್ಲಿ ಮೇಡಂ, ತನಿಖಾಧಿಕಾರಿ, ತಟ್ಟೆ ತಜ್ಞರು ಸಾಲಾಗಿ ಕೂತರು. ಕಿಟಕಿಯ ಸರಳುಗಳಿಗೆ ಇಡೀ ಕಚೇರಿ ಅಂಟಿಕೊಂಡಿತ್ತು. ರಾಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಡುವೆ ನಿಂತರು.

“ನೀವೇ ಟೇಪು ಅಂದ್ರಲ್ಲ, ಶುರು ಮಾಡಿ,” ಎಂದರು ತನಿಖಾಧಿಕಾರಿ.

ರಾಯರು ಕಣ್ಣು ಮುಚ್ಚಿದರು. ಬಾಯಿ ತೆರೆದರು. ಒಳಗಿಂದ ಬಂದ ಸದ್ದನ್ನು ನಾನು ವರ್ಣಿಸಲಾರೆ. ಬಿಂದಿಗೆಯಲ್ಲಿ ತಲೆ ಸಿಕ್ಕಿಸಿಕೊಂಡ ಬೆಕ್ಕು ಸಹಾಯಕ್ಕೆ ಕರೆದರೆ ಹೆಚ್ಚುಕಮ್ಮಿ ಹಾಗೆ. ಲಾರಿ ಮೊದಲ ಗೇರಿನಲ್ಲೇ ನಿಂತಿತು.

ತಟ್ಟೆ ತಜ್ಞರು ಕಿವಿಗೆ ಬೆರಳಿಟ್ಟುಕೊಂಡರು. “ಅಯ್ಯೋ, ನಿಲ್ಲಿಸಿ, ನಿಲ್ಲಿಸಿ! ಆ ಗಂಧರ್ವ ಎಲ್ಲಿ, ಈ ಫೋನ್ ಗುಮಾಸ್ತ ಎಲ್ಲಿ! ಖರ್ರ್ ಕೂಡ ಸರಿಯಾಗಿ ಬರ್ತಿಲ್ಲ ಇವರಿಗೆ.”

“ಇನ್ನೊಂದು ಸಲ,” ಎಂದರು ರಾಯರು. ಇನ್ನೊಂದು ಸಲ ಬೆಕ್ಕು ಇನ್ನೂ ಆಳದ ಬಿಂದಿಗೆಯಿಂದ ಕೂಗಿತು. ಮೂರನೇ ಸಲಕ್ಕೆ ಮೇಡಂ ಪೆನ್ನು ತೆರೆದು ವರ್ಗಾವಣೆ ಆದೇಶವನ್ನು ಹತ್ತಿರಕ್ಕೆ ಎಳೆದುಕೊಂಡರು.

“ಮೇಡಂ, ಇಲ್ಲಿ ಯಾರೂ ಕಾಯ್ತಿಲ್ಲ. ಎಲ್ಲರೂ ನೋಡ್ತಿದ್ದಾರೆ ಅಷ್ಟೇ. ನೋಡೋರ ಮುಂದೆ ನನಗೆ ಬರಲ್ಲ,” ರಾಯರು ತಲೆ ಎತ್ತಿ ಹೇಳಿದರು. “ಆಫೀಸು ಮುಗಿಯೋವರೆಗೂ ನಾನಿನ್ನೂ ದೂರು ವಿಭಾಗದವನೇ. ಅಲ್ಲಿ ಫೋನ್ ಬಡ್ಕೊಳ್ತಿದೆ, ಹೋಗ್ತೀನಿ. ನೀವು ಬೇಕಾದ್ದು ಬರ್ಕೊಳ್ಳಿ.”

ಯಾರಾದರೂ ತಡೆಯುವ ಮೊದಲೇ ಗೂಡಿನೊಳಗೆ ಹೋಗಿ ಕರೀ ಫೋನ್ ಎತ್ತಿದರು.

ಆ ಕಡೆ ಇದ್ದವನು ಒಬ್ಬ ಬಸ್ ಕಂಡಕ್ಟರ್. ಅವನ ಕೂಗು ಎಷ್ಟು ಜೋರಾಗಿತ್ತೆಂದರೆ ಮರದ ಗೂಡು ತನ್ನ ಕರ್ತವ್ಯದಲ್ಲಿ ಸೋತಿತು. “ಸಾರ್, ಮೈಯೆಲ್ಲ ಸೋಪು! ತಲೆ ತುಂಬ ಸೋಪು! ಕಣ್ಣು ಬಿಡೋಕಾಗ್ತಿಲ್ಲ! ನೀರು ನಿಂತುಹೋಯ್ತು ಸಾರ್! ಅರ್ಧ ಗಂಟೇಲಿ ಡ್ಯೂಟಿ!”

“ಯಾವ ಬಡಾವಣೆಯಪ್ಪಾ?”

“ಉರಿ ಸಾರ್, ಉರಿ! ಡಿಪೋ ಹಿಂದಿನ ಬಡಾವಣೆ! ಉರಿ!”

“ಗಾಬರಿಯಾಗ್ಬೇಡಿ. ನಾನಿದೀನಿ. ಹೋಲ್ಡ್ ಮಾಡಿ.”

ರಾಯರು ಲೋಕ ಮರೆತರು. ಎಡಗೆನ್ನೆಗೆ ಕರೀದು, ಬಲಗೆನ್ನೆಗೆ ಕೆಂಪಿನದು. ಹಾಡು ಹೊರಟಿತು.

ಸಭಾಕೋಣೆಯಲ್ಲೂ ಒಂದು ಫೋನಿತ್ತು, ಅದೂ ಅದೇ ಕರೀ ಲೈನಿಗೆ ಸೇರಿದ್ದು. ತಟ್ಟೆ ತಜ್ಞರು ಏನೋ ಅನುಮಾನ ಬಂದು ಅದನ್ನು ಎತ್ತಿದರು. ಎತ್ತಿದವರು ಚೇಳು ಕುಟುಕಿದ ಹಾಗೆ ಹಾರಿದರು. “ಬಂತು! ಬಂತು! ಅದೇ ಟೇಪು! ಅಲ್ಲೇ ಹೋಗಿ ಹಾಕಿದ್ದಾನೆ! ಹಿಡೀರಿ!”

ಎಲ್ಲರೂ ಗೂಡಿಗೆ ನುಗ್ಗಿದರು. ಒಬ್ಬರು ಕೂರುವ ಜಾಗದಲ್ಲಿ ಆರು ಜನ. ತನಿಖಾಧಿಕಾರಿ ಚೀಲ ಬಿಸಾಕಿ ಮೇಜಿನ ಕೆಳಗೆ ತೆವಳಿದರು. ತಜ್ಞರು ಡ್ರಾಯರ್ ಎಳೆದೆಳೆದು ಸುರುವಿದರು. ಒಂದು ಬಾಚಣಿಗೆ, ಎರಡು ಶುಂಠಿ ತುಂಡು, ಕಷಾಯದ ಬಾಟಲಿ. ಟೇಪಿಲ್ಲ. ರಾಯರು ಕಣ್ಣು ಮುಚ್ಚಿಕೊಂಡೇ ಹಾಡುತ್ತ, ಕೆಳಗಿನವರಿಗೆ ಅನುಕೂಲವಾಗಲೆಂದು ಕಾಲು ಎತ್ತಿಕೊಟ್ಟರು. ಅವರ ತುಟಿ ಅಲ್ಲಾಡುವುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ನಂಬಿಕೆ ಇದೆಯಲ್ಲ, ಅದು ಕಣ್ಣಿಗಿಂತ ಮುಂದೆ ಹೋಗುವ ಪದಾರ್ಥ.

“ತುಟಿ ಅಲ್ಲಾಡಿಸ್ತಿದ್ದಾನೆ ಅಷ್ಟೇ! ಹಳೇ ಟ್ರಿಕ್ಕು! ಬೆನ್ನ ಹಿಂದೆ ನೋಡಿ!” ತಜ್ಞರು ರಾಯರ ಕಾಲರಿನೊಳಗೆ ಇಣುಕಿದರು.

ಅಷ್ಟು ಹೊತ್ತಿಗೆ ಕೆಂಪು ಫೋನಿನಲ್ಲಿ ಪಂಪ್‌ಹೌಸಿನವನು ಏನೋ ಕೇಳಿದ. ಎರಡು ಕೈಯೂ ಫೋನಿನಲ್ಲಿ, ತಜ್ಞರು ಕಾಲರಿನಲ್ಲಿ. ಫೋನಿನ ಬಾಯಿ ಮುಚ್ಚಲು ಅಂಗೈ ಖಾಲಿಯಿಲ್ಲ. ಹಾಡು ನಿಂತರೆ ಕಂಡಕ್ಟರ್ ಒಬ್ಬನೇ ಸೋಪಿನಲ್ಲಿ ಉಳಿಯುತ್ತಾನೆ. ರಾಯರು ರಾಗ ಬಿಡಲಿಲ್ಲ, ತಾಳ ಬಿಡಲಿಲ್ಲ, ಅದೇ ಗಂಧರ್ವ ಕಂಠದಲ್ಲಿ ಹಾಡಿದರು:

“ಓ ಓ ಲಾರಿ… ಮೂರನೇ ವಾಲ್ವ್ ತಿರುಗಿಸೋ ಮಾರಾಯಾ… ಎಡಕ್ಕಲ್ಲವೋ ಬಲಕ್ಕೆ… ಖರ್ರ್… ಪಾಪ, ಸೋಪಿನಲ್ಲಿದ್ದಾನೆ… ಟುಂಯ್ಯ್…”

ತಟ್ಟೆ ತಜ್ಞರ ಕೈ ಕಾಲರಿನಲ್ಲೇ ನಿಂತಿತು. ಎಂಬತ್ತಾರನೇ ಇಸವಿಯ ಕವಿಗೆ ನಮ್ಮ ಮೂರನೇ ವಾಲ್ವ್ ಗೊತ್ತಿರಲು ಸಾಧ್ಯವಿರಲಿಲ್ಲ. ಅವರು ಅಲ್ಲೇ ಇದ್ದ ಕಸದ ಬುಟ್ಟಿಯ ಮೇಲೆ ಕುಸಿದು ಕುಳಿತರು.

ಕರೀ ಫೋನಿನಿಂದ ಕೂಗು ಕೇಳಿತು. “ಬಂತು ಸಾರ್! ನೀರು ಬಂತು! ದೇವರು ನೀವು! ಹಾಡು ನಿಲ್ಲಿಸ್ಬೇಡಿ, ಸ್ನಾನ ಮುಗಿಸ್ಬಿಡ್ತೀನಿ!”

ರಾಯರು ಅವನು ಮೈ ಒರೆಸಿಕೊಳ್ಳುವವರೆಗೂ ಹಾಡಿ, ಫೋನ್ ಇಟ್ಟು, ಕಣ್ಣು ಬಿಟ್ಟರು. ಗೂಡು ತುಂಬ ಜನ. ಮೇಜಿನ ಕೆಳಗಿಂದ ತನಿಖಾಧಿಕಾರಿಯ ತಲೆ, ಕೂದಲ ತುಂಬ ಧೂಳು.

“ಈಗ ಹೇಳಿ ಸಾರ್. ಟೇಪು ಯಾರು?” ಎಂದರು ರಾಯರು.

“ನೀವು,” ಎಂದರು ತನಿಖಾಧಿಕಾರಿ.

“ಮೇಡಂ?”

ಮೇಡಂ ಯಾರ ಅನುಮತಿಯೂ ಇಲ್ಲದೆ ನಕ್ಕುಬಿಟ್ಟರು. “ನೀವೇ ರಾಯರೇ, ನೀವೇ!” ಎಂದು ವರ್ಗಾವಣೆ ಆದೇಶವನ್ನು ಹರಿದರು.

ತಜ್ಞರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರು ಎದ್ದು, ಕನ್ನಡಕ ಸರಿಮಾಡಿಕೊಂಡು, ಬಾಗಿಲ ಹತ್ತಿರ ನಿಂತು ಗಂಭೀರವಾಗಿ ಹೇಳಿದರು: “ಆದರೂ ಲಾರಿ ಪಾಠಾಂತರವೇ ಶ್ರೇಷ್ಠ. ನನ್ನ ಅಭಿಪ್ರಾಯ ಬದಲಾಗಿಲ್ಲ.” ಆ ಶನಿವಾರ ಅವರ ಕಾರ್ಯಕ್ರಮದಲ್ಲಿ ಇಡೀ ಒಂದು ಗಂಟೆ ಬರೀ ಹಾಡುಗಳನ್ನೇ ಹಾಕಿದರಂತೆ. ಕೇಳುಗರು ಮೆಚ್ಚಿ ಪತ್ರ ಬರೆದರು.

ತನಿಖಾಧಿಕಾರಿ ಬರಿಗೈಲಿ ಹೋಗುವಂತಿರಲಿಲ್ಲವಾದ್ದರಿಂದ, ‘ಕರ್ತವ್ಯದ ವೇಳೆ ಶುಂಠಿ ಇಟ್ಟುಕೊಂಡದ್ದು’ ಎಂದು ರಾಯರಿಗೆ ಒಂದು ಎಚ್ಚರಿಕೆ ಬರೆದುಕೊಟ್ಟು ಹೋದರು. ರಾಯರು ಅದಕ್ಕೆ ಚೌಕಟ್ಟು ಹಾಕಿಸಿದರು.

ಇದಾದ ಮೇಲೆ ಒಂದು ಮಧ್ಯಾಹ್ನ. ಕರೆಗಳು ಕಡಿಮೆಯಿದ್ದ ಹೊತ್ತು. ಗೂಡಿನ ಬಾಗಿಲು ಅರ್ಧ ತೆರೆದಿತ್ತು. ಕರೀ ಫೋನ್ ರಿಂಗಾಯಿತು.

“ಹಲೋ, ನೀರಿನ ದೂರು ವಿಭಾಗ. ಯಾವ ಬಡಾವಣೆ?”

ಆ ಕಡೆಯಿಂದ ಬಂದ ಉತ್ತರಕ್ಕೆ ರಾಯರು ಕುರ್ಚಿಯಲ್ಲಿ ನೆಟ್ಟಗಾದರು. ಅಂಗಿಯ ಗುಂಡಿ ಹಾಕಿಕೊಂಡರು.

“ಏನು ದೂರಮ್ಮಾ?” ಎಂದರು.

ಆಗ ನಾನು ಮಾಡಿದ್ದು ತಪ್ಪೇ. ಸಭಾಕೋಣೆಗೆ ಹೋಗಿ ಅಲ್ಲಿನ ಫೋನನ್ನು ಮೆಲ್ಲಗೆ ಎತ್ತಿದೆ.

“…ನೀರಿನದಲ್ಲ,” ರಾಯರ ಶ್ರೀಮತಿ ಹೇಳುತ್ತಿದ್ದರು. “ಊರಲ್ಲಿ ಕ್ಷೌರದವನು ಕೇಳಿದ್ದಾನೆ, ದರ್ಜಿ ಕೇಳಿದ್ದಾನೆ, ಸೋಪು ಹಚ್ಕೊಂಡು ನಿಂತಿರೋ ಕಂಡಕ್ಟರ್ ಕೇಳಿದ್ದಾನೆ. ನಮ್ಮ ಮನೆಗೆ ಮಾತ್ರ ಸರಬರಾಜಾಗಿಲ್ಲ.”

ರಾಯರು ಕೆಂಪು ಫೋನನ್ನು ಮೇಜಿನ ತುದಿಗೆ ಸರಿಸಿದ ಸದ್ದು ಕೇಳಿತು. ಆಮೇಲೆ ಹಾಡು ಶುರುವಾಯಿತು. ನಾನು ಅದುವರೆಗೆ ಕೇಳದ ಇನ್ನೊಂದು ಹಾಡು, ನಿಧಾನದ್ದು. ಅದರಲ್ಲಿ ಖರ್ರ್ ಒಂದೂ ಇರಲಿಲ್ಲ. ಆ ಭಾನುವಾರ ಹಾಸ್ಟೆಲಿನ ಮುದಿ ರೇಡಿಯೋಗೆ ಒಳ್ಳೆಯ ಬುದ್ಧಿ ಬಂದಿತ್ತೋ ಏನೋ.

ಹಾಡು ಮುಗಿಯಿತು. ರಾಯರು ಗಂಟಲು ಸರಿಮಾಡಿಕೊಂಡು, ದೂರು ವಿಭಾಗದ ನಿಯಮದ ಪ್ರಕಾರ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಕೇಳಿದರು.

“ನಿಮ್ಮ ಸಮಸ್ಯೆ ಬಗೆಹರೀತಾಮ್ಮಾ?”

“ಇಲ್ಲ,” ಎಂದರು ಶ್ರೀಮತಿ. “ಇದು ಫೋನಲ್ಲಿ ಬಗೆಹರಿಯೋ ದೂರಲ್ಲ. ಸಂಜೆ ಖುದ್ದಾಗಿ ಮನೆಗೆ ಬಂದು ನೋಡ್ಬೇಕು.”